ಎರಡು, ಮೂರು, ಏಳು

ಕಂಪ್ಯೂಟರಿನ ಬೆನ್ನು ನೋಡಿ ಅದರ ವಯಸ್ಸು ಹೇಳುವವರು ಒಂದು ಕಾಲಕ್ಕೆ ಮಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದರು. ಮುಂಭಾಗದಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ. ಒಂದು ಸ್ವಿಚ್ಚು, ಫ್ಲಾಪಿ ತೂರಿಸುವ ಸೀಳು, ಮಿನುಗುವ ಎರಡು ದೀಪ, ಅಷ್ಟೆ. ವ್ಯವಹಾರವೆಲ್ಲ ಹಿಂಬದಿಯಲ್ಲಿ. ಇಪ್ಪತ್ತೈದು ತೂತುಗಳ ಒಂದು ಪೋರ್ಟು, ಇಪ್ಪತ್ತೈದು ಕಡ್ಡಿಗಳ ಇನ್ನೊಂದು. ಒಂಬತ್ತು ಕಡ್ಡಿಗಳದ್ದು, ಒಂಬತ್ತು ತೂತುಗಳದ್ದು. ಹದಿನೈದು ತೂತುಗಳದ್ದೇ ಎರಡು: ಒಂದರಲ್ಲಿ ಅವು ಎರಡು ಸಾಲು, ಇನ್ನೊಂದರಲ್ಲಿ ಮೂರು ಸಾಲು. ಎಲ್ಲದಕ್ಕೂ ಇಂಗ್ಲಿಷಿನ ಡಿ ಅಕ್ಷರದ ಆಕಾರದ ತಗಡಿನ ಅಂಚು, ಎರಡೂ ಬದಿಗೆ ಸ್ಕ್ರೂ. ಯಾವುದು ಯಾವುದಕ್ಕೆ ಎಂದು ಹೆಚ್ಚಿನ ಡಬ್ಬಿಗಳ ಮೇಲೆ ಬರೆದಿರುತ್ತಿರಲಿಲ್ಲ. ತಿಳಿದವನು ಕೈಯಾಡಿಸಿದರೆ ಸಾಕು, ಇದು ಪ್ರಿಂಟರಿನದ್ದು, ಇದು ಮೌಸಿನದ್ದು, ಇದು ಹಳೆಯ ಕಪ್ಪು-ಬಿಳುಪು ಮಾನಿಟರಿನದ್ದು ಎಂದು ಹೇಳುತ್ತಿದ್ದ. ತಿಳಿಯದವನು ಹೊಂದಿದ ಕಡೆ ತುರುಕುತ್ತಿದ್ದ. ತೊಂದರೆ ಏನೆಂದರೆ, ಅದು ತಪ್ಪು ಜಾಗದಲ್ಲೂ ಹೊಂದುತ್ತಿತ್ತು.

ಆ ತಿಳಿವಳಿಕೆ ಈಗ ಊರಿನಿಂದ ಹೊರಟುಹೋಗುತ್ತಿದೆ. ಪೋರ್ಟುಗಳು ಹೋದದ್ದಕ್ಕೆ ನನಗೆ ಅಷ್ಟೇನೂ ಬೇಸರವಿಲ್ಲ, ಯಂತ್ರಗಳು ಬದಲಾಗುವಂಥವೇ. ಅವುಗಳ ಗೊಂದಲ ಬಿಡಿಸಲು ಜನ ಕಲಿತ ವಿದ್ಯೆ ಹೋಗುತ್ತಿರುವುದು ನನಗೆ ನೋವಿನ ಸಂಗತಿ. ಅದನ್ನು ಯಾರೂ ಪುಸ್ತಕವಾಗಿ ಬರೆದಿಡಲಿಲ್ಲ. ಅದು ಇದ್ದದ್ದು ಬೆಸುಗೆ ಹಾಕುವವರ ಕೈಯಲ್ಲಿ.

ನಾನು ಅದನ್ನು ಕಂಡದ್ದು ಪಂಪ್‌ವೆಲ್‌ನಲ್ಲಿ, ತೊಂಬತ್ತರ ದಶಕದಲ್ಲಿ. ಮೇಲ್ಸೇತುವೆಯ ಮಾತೇ ಇಲ್ಲದ ಪಂಪ್‌ವೆಲ್ ಅದು. ತೊಕ್ಕೊಟ್ಟು, ಕಾಸರಗೋಡು ಕಡೆಯ ಬಸ್ಸುಗಳೂ ಬಿ.ಸಿ. ರೋಡು, ಪುತ್ತೂರು ಕಡೆಯ ಬಸ್ಸುಗಳೂ ಪೇಟೆಗೆ ಹೋಗುವ ಮೊದಲು ಜನರನ್ನು ಇಳಿಸುವ ಜಾಗ. ಸುತ್ತ ಗ್ಯಾರೇಜುಗಳು, ಟಯರಿನ ಅಂಗಡಿಗಳು, ಬಿಡಿಭಾಗದ ಅಂಗಡಿಗಳು. ಅಲ್ಲಿಂದ ಕಂಕನಾಡಿಗೆ ಹೋಗುವ ದಾರಿಯಲ್ಲಿ ಒಂದು ಮಹಡಿಯ ಮೇಲೆ ಕಂಪ್ಯೂಟರ್ ರಿಪೇರಿಯ ಕೋಣೆ ಇತ್ತು. ನಡೆಸುತ್ತಿದ್ದವರು ರೇಡಿಯೊದಿಂದ ಟೀವಿಗೆ, ಟೀವಿಯಿಂದ ಕಂಪ್ಯೂಟರಿಗೆ ಬಂದವರು. ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದದ್ದು. ರಿಪೇರಿಯ ಅಂಗಡಿಗೆ ಪಂಪ್‌ವೆಲ್ ಹೇಳಿ ಮಾಡಿಸಿದ ಜಾಗ. ಉಪ್ಪಿನಂಗಡಿಯ ಸೊಸೈಟಿಯವರು ಪ್ರಿಂಟರನ್ನು ಬಸ್ಸಿನ ಡ್ರೈವರಿನ ಹಿಂದೆ ಇಟ್ಟು ಕಳಿಸಿದರೆ ಅಲ್ಲೇ ಇಳಿಸಿಕೊಳ್ಳಬಹುದಿತ್ತು. ಸಂಜೆ ಅದೇ ಬಸ್ಸಿನಲ್ಲಿ ವಾಪಸು ಕಳಿಸಬಹುದಿತ್ತು.

ಗೋಡೆಗೆ ಮೊಳೆ ಹೊಡೆದು ಕೇಬಲುಗಳನ್ನು ಸುರುಳಿ ಸುತ್ತಿ ನೇತುಹಾಕಿದ್ದರು. ನೋಡುವವರಿಗೆ ಎಲ್ಲ ಒಂದೇ. ಎರಡೂ ತುದಿಯಲ್ಲಿ ಇಪ್ಪತ್ತೈದು ಕಡ್ಡಿಯ ಕನೆಕ್ಟರ್ ಇರುವ ಕೇಬಲನ್ನೇ ತೆಗೆದುಕೊಳ್ಳಿ. ಅದು ಒಳಗೆ ನೇರವಾಗಿ ತಂತಿ ಎಳೆದ ಕೇಬಲ್ ಇರಬಹುದು. ಎರಡು ಕಂಪ್ಯೂಟರುಗಳನ್ನು ಜೋಡಿಸಿ ಪ್ಯಾರಲೆಲ್ ಪೋರ್ಟಿನ, ಅಂದರೆ ಪ್ರಿಂಟರಿನ ಪೋರ್ಟಿನ ಮೂಲಕ ಫೈಲು ಸಾಗಿಸುವ ಲ್ಯಾಪ್‌ಲಿಂಕ್ ಕೇಬಲ್ ಇರಬಹುದು. ತುದಿಗೆ ಕಡ್ಡಿಯನ್ನು ತೂತಾಗಿಸುವ ಜೆಂಡರ್ ಚೇಂಜರ್ ಹಾಕಿ ಬಳಸುವ, ತಂತಿಗಳನ್ನು ಅಡ್ಡ ಹಾಕಿದ ಸೀರಿಯಲ್ ಕೇಬಲೂ ಇರಬಹುದು. ಹೊರಗೆ ಬೂದು ಬಣ್ಣ, ಒಳಗೆ ಬೇರೆ ಬೇರೆ ಸಂಸಾರ. ಅಣ್ಣ ಕನೆಕ್ಟರಿನ ಹೊರಕವಚದ, ಅಂದರೆ ಹುಡ್ಡಿನ ಮೇಲೆ ಉಗುರು ಬಣ್ಣದಲ್ಲಿ ಚುಕ್ಕೆ ಇಡುತ್ತಿದ್ದರು: ಕೆಂಪು ಚುಕ್ಕೆ ನೇರ, ಎರಡು ಚುಕ್ಕೆ ಅಡ್ಡ, ಚುಕ್ಕೆ ಇಲ್ಲದಿದ್ದರೆ ಮುಟ್ಟಬಾರದು. "ಮೊದಲು ಮೀಟರ್ ಇಟ್ಟು ನೋಡು ಮಾರಾಯ, ಮತ್ತೆ ಸಿಕ್ಕಿಸು" ಎನ್ನುವುದು ಅವರ ಪಾಠದ ಮೊದಲ ಸಾಲು.

ಈ ಡಿ ಆಕಾರದ ಕನೆಕ್ಟರನ್ನು 1952ರಲ್ಲಿ ತಂದದ್ದು ಅಮೆರಿಕದ ಕ್ಯಾನನ್ ಕಂಪನಿ. ಅವರ ಲೆಕ್ಕದಲ್ಲಿ ಡಿ ಎಂಬುದರ ನಂತರದ ಅಕ್ಷರ ತಗಡಿನ ಅಂಚಿನ ಅಳತೆ, ಆಮೇಲಿನ ಅಂಕಿ ಕಡ್ಡಿಗಳ ಸಂಖ್ಯೆ. ಹಾಗಾಗಿ ಇಪ್ಪತ್ತೈದರದ್ದು ಡಿಬಿ-25, ಒಂಬತ್ತರದ್ದು ಡಿಇ-9. ಆದರೆ ಜಗತ್ತೆಲ್ಲ ಅದನ್ನು ಡಿಬಿ-9 ಎಂದೇ ಕರೆಯಿತು, ಪಂಪ್‌ವೆಲ್ ಕೂಡ.

ಪ್ರಿಂಟರಿನ ಕಡೆಯದ್ದು ಇನ್ನೊಂದು ಕುಲ. 1970ರಲ್ಲಿ ಸೆಂಟ್ರಾನಿಕ್ಸ್ ಕಂಪನಿ ತನ್ನ ಪ್ರಿಂಟರಿಗೆ ಮೂವತ್ತಾರು ತುದಿಗಳ ಅಗಲದ ಕನೆಕ್ಟರ್ ಹಾಕಿತು. ಎರಡು ಬದಿಗೆ ಕಂಬಿಯ ಕೊಂಡಿ, ಒತ್ತಿದರೆ ಟಕ್ ಎಂದು ಕೂರುವಂಥದ್ದು. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿ ಹೊರತಂದಾಗ ಅಷ್ಟು ಅಗಲದ ಕನೆಕ್ಟರನ್ನು ಕಾರ್ಡಿನ ಸಪೂರ ತಗಡಿನಲ್ಲಿ ಮಾನಿಟರಿನ ಪೋರ್ಟಿನ ಪಕ್ಕ ಕೂರಿಸುವಂತಿರಲಿಲ್ಲ. ಆದ್ದರಿಂದ ಕಂಪ್ಯೂಟರಿನ ತುದಿಯಲ್ಲಿ ಇಪ್ಪತ್ತೈದು ತೂತಿನ ಪೋರ್ಟು, ಪ್ರಿಂಟರಿನ ತುದಿಯಲ್ಲಿ ಹಳೆಯ ಮೂವತ್ತಾರರದ್ದೇ. ಮೋಡೆಮ್, ಮೌಸ್ ಜೋಡಿಸುವ ಸೀರಿಯಲ್ ಪೋರ್ಟಿಗೂ ಐಬಿಎಂ ಇಪ್ಪತ್ತೈದರದ್ದನ್ನೇ ಇಟ್ಟಿತು, ತೂತಿನ ಬದಲು ಕಡ್ಡಿ. 1984ರ ಎಟಿ ಮಾದರಿಯಲ್ಲಿ ಸೀರಿಯಲ್ಲನ್ನು ಒಂಬತ್ತು ಕಡ್ಡಿಗೆ ಇಳಿಸಿತು. ಆ ಹೊತ್ತಿಗೆ ಒಂಬತ್ತು ತೂತಿನ ಪೋರ್ಟು ಮಾನಿಟರಿನದ್ದಾಗಿತ್ತು. ಅದರಲ್ಲೂ ಕಪ್ಪು-ಬಿಳುಪಿನ ಮಾನಿಟರಿಗೂ ಬಣ್ಣದ ಮಾನಿಟರಿಗೂ ಒಂದೇ ಒಂಬತ್ತು ತೂತು. ಅದಲುಬದಲು ಮಾಡಿದರೆ ಮಾನಿಟರೇ ಸುಟ್ಟು ಹೋಗುವ ಸಾಧ್ಯತೆ ಇತ್ತು. ಮುದ್ರಣದ ಕೆಲಸಕ್ಕೆ ಮ್ಯಾಕಿಂಟಾಷ್ ಇಟ್ಟುಕೊಂಡವರಿಗೆ ಇನ್ನೊಂದು ಉರುಲು. 1986ರ ಮ್ಯಾಕ್ ಪ್ಲಸ್‌ನಿಂದ ಆಪಲ್‌ನವರು ಹಾರ್ಡ್ ಡಿಸ್ಕ್ ಜೋಡಿಸುವ ಸ್ಕಸಿ ಪೋರ್ಟಿಗೆ ಅದೇ ಇಪ್ಪತ್ತೈದು ತೂತಿನದ್ದನ್ನು ಬಳಸಿದ್ದರು. ಪಿಸಿಯ ಪ್ರಿಂಟರ್ ಕೇಬಲ್ ಅದಕ್ಕೆ ಸಲೀಸಾಗಿ ಹೊಗುತ್ತಿತ್ತು.

ಹೊಂದುವುದಕ್ಕೂ ಒಗ್ಗುವುದಕ್ಕೂ ಇಲ್ಲಿ ಸಂಬಂಧವೇ ಇರಲಿಲ್ಲ. ಪ್ಯಾರಲೆಲ್ ಪೋರ್ಟು ಐದು ವೋಲ್ಟಿನದ್ದು. ಸೀರಿಯಲ್ ಪೋರ್ಟು ಆರ್‌ಎಸ್-232 ಎಂಬ ಅರುವತ್ತರ ದಶಕದ ನಿಯಮದ್ದು, ಅದರಲ್ಲಿ ಹನ್ನೆರಡು ವೋಲ್ಟಿನವರೆಗೆ ಪಾಸಿಟಿವ್ ಮತ್ತು ಅಷ್ಟೇ ನೆಗೆಟಿವ್ ಓಡಾಡುವುದು ಸಾಮಾನ್ಯ. ಒಂದರದ್ದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಐದು ವೋಲ್ಟಿನ ಚಿಪ್ಪು ಹೋಗುತ್ತದೆ. ಹೊಗೆ ಬರುವುದಿಲ್ಲ, ಸದ್ದಾಗುವುದಿಲ್ಲ, ಪ್ರಿಂಟರು ಇನ್ನು ಮುಂದೆ ಮಾತಾಡುವುದಿಲ್ಲ ಅಷ್ಟೆ.

ಸೀರಿಯಲ್ಲಿನ ಇಡೀ ವಿದ್ಯೆ ಮೂರು ಅಂಕಿಗಳಲ್ಲಿ ಇತ್ತು: ಎರಡು, ಮೂರು, ಏಳು. ಇಪ್ಪತ್ತೈದು ಕಡ್ಡಿ ಇದ್ದರೂ ಹೆಚ್ಚಿನ ಕೆಲಸಕ್ಕೆ ಮೂರು ತಂತಿ ಸಾಕು. ಎರಡರಲ್ಲಿ ಕಳಿಸುವುದು, ಮೂರರಲ್ಲಿ ಪಡೆಯುವುದು, ಏಳು ಗ್ರೌಂಡ್. ಇದು ಕಂಪ್ಯೂಟರಿನ ಕಡೆಯ ಲೆಕ್ಕ. ಮೋಡೆಮ್ಮಿನ ಕಡೆ ಅದೇ ಎರಡರಲ್ಲಿ ಪಡೆಯುವುದು, ಮೂರರಲ್ಲಿ ಕಳಿಸುವುದು, ಆದ್ದರಿಂದ ನೇರ ಕೇಬಲ್ ಸಾಕು. ಆದರೆ ಕಂಪ್ಯೂಟರಿಗೆ ಕಂಪ್ಯೂಟರನ್ನೇ ಜೋಡಿಸಿದರೆ ಇಬ್ಬರು ಫೋನಿನ ರಿಸೀವರನ್ನು ತಲೆಕೆಳಗೆ ಹಿಡಿದು ಒಬ್ಬರ ಬಾಯಿಗೆ ಇನ್ನೊಬ್ಬರ ಬಾಯಿ ಕೊಟ್ಟಂತಾಗುತ್ತದೆ. ಅಲ್ಲಿ ಎರಡನ್ನೂ ಮೂರನ್ನೂ ಅಡ್ಡ ಹಾಕಬೇಕು. ಒಂಬತ್ತು ಕಡ್ಡಿಯ ಪೋರ್ಟು ಬಂದಾಗ ಐಬಿಎಂ ಈ ಕ್ರಮವನ್ನೇ ತಿರುಗಿಸಿತು. ಅಲ್ಲಿ ಎರಡರಲ್ಲಿ ಪಡೆಯುವುದು, ಮೂರರಲ್ಲಿ ಕಳಿಸುವುದು, ಗ್ರೌಂಡ್ ಐದು. ಹಾಗಾಗಿ ಒಂದು ತುದಿ ಒಂಬತ್ತು, ಇನ್ನೊಂದು ತುದಿ ಇಪ್ಪತ್ತೈದು ಇರುವ ಕೇಬಲಿನಲ್ಲಿ ಅಡ್ಡ ಹಾಕಿದಂತೆ ಕಂಡದ್ದು ನೇರ, ನೇರ ಕಂಡದ್ದು ಅಡ್ಡ. ಹೊಸ ಹುಡುಗರು ಇಲ್ಲಿ ತಲೆ ಕೆರೆದುಕೊಳ್ಳುತ್ತಿದ್ದರು. ಕೆರೆದುಕೊಂಡು ಬಿಡಿಸಿದವರು ಮತ್ತೆ ಜೀವಮಾನದಲ್ಲಿ ಮರೆಯುತ್ತಿರಲಿಲ್ಲ.

ಕಾಗದಪತ್ರ ಏನೂ ಇಲ್ಲದ ಯಂತ್ರ ಬಂದರೆ ಅಣ್ಣ ಮಾಡುತ್ತಿದ್ದ ಪರೀಕ್ಷೆ ನನಗೆ ಈಗಲೂ ಬಹಳ ಸುಂದರವಾಗಿ ಕಾಣುತ್ತದೆ. ಯಂತ್ರ ಚಾಲೂ ಮಾಡಿ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಏಳಕ್ಕೆ ಇಡುವುದು, ಕೆಂಪು ಕಡ್ಡಿಯನ್ನು ಮೊದಲು ಎರಡಕ್ಕೆ, ಆಮೇಲೆ ಮೂರಕ್ಕೆ. ಸೀರಿಯಲ್ ಪೋರ್ಟು ಸುಮ್ಮನಿರುವಾಗ ಕಳಿಸುವ ತಂತಿಯಲ್ಲಿ ನೆಗೆಟಿವ್ ವೋಲ್ಟೇಜ್ ನಿಂತಿರುತ್ತದೆ. ಯಾವುದರಲ್ಲಿ ಮೈನಸ್ ಹತ್ತರ ಆಸುಪಾಸು ತೋರಿಸಿತೋ ಆ ಕಡ್ಡಿಯಲ್ಲಿ ಈ ಯಂತ್ರ ಮಾತಾಡುತ್ತದೆ. ಅದರ ಎದುರು ಕೇಳುವ ಕಡ್ಡಿಯನ್ನು ಕೊಟ್ಟರೆ ಆಯಿತು. ಇಂಗ್ಲಿಷ್ ಮ್ಯಾನುವಲ್ ಬೇಡ, ಕಂಪನಿಗೆ ಟ್ರಂಕ್ ಕಾಲ್ ಬೇಡ. ಇನ್ನೊಂದು ಪರೀಕ್ಷೆ ಇನ್ನೂ ಸರಳ: ಎರಡಕ್ಕೂ ಮೂರಕ್ಕೂ ನಡುವೆ ಒಂದು ತುಂಡು ತಂತಿ ಸಿಕ್ಕಿಸಿ ಕೀಲಿಮಣೆ ಒತ್ತುವುದು. ಒತ್ತಿದ ಅಕ್ಷರ ಪೋರ್ಟಿನ ಹೊರಗೆ ಹೋಗಿ ಸುತ್ತಿ ಬಂದು ಪರದೆಯ ಮೇಲೆ ಕಂಡರೆ ಪೋರ್ಟು ಬದುಕಿದೆ. ತಂತಿ ತೆಗೆದರೆ ಅಕ್ಷರ ನಿಲ್ಲಬೇಕು.

ನಮ್ಮ ಜಿಲ್ಲೆಯಲ್ಲಿ ಈ ವಿದ್ಯೆಗೆ ಬೆಲೆ ಬಂದದ್ದು ಬ್ಯಾಂಕುಗಳಿಂದ. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಮೂಲೆ ಮೂಲೆಗೂ ಶಾಖೆ. 1984ರಲ್ಲಿ ಸಿ. ರಂಗರಾಜನ್ ಸಮಿತಿ ಬ್ಯಾಂಕುಗಳಲ್ಲಿ ಯಂತ್ರ ತರಲು ದಾರಿ ಹಾಕಿಕೊಟ್ಟ ಮೇಲೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಆಮೇಲೆ ಒಂದು ಯುನಿಕ್ಸ್ ಸರ್ವರು, ಅದಕ್ಕೆ ತಗುಲಿಸಿದ ಟರ್ಮಿನಲ್ಲುಗಳು. ಟರ್ಮಿನಲ್ ಎಂದರೆ ಪರದೆ ಮತ್ತು ಕೀಲಿಮಣೆ ಮಾತ್ರ, ತಲೆ ಇದ್ದದ್ದು ಮ್ಯಾನೇಜರರ ಕೋಣೆಯ ಪಕ್ಕದ ಸರ್ವರಿಗೆ. ಸರ್ವರಿನ ಬೆನ್ನಿಗೆ ಎಂಟು ಪೋರ್ಟಿನ, ಹದಿನಾರು ಪೋರ್ಟಿನ ಕಾರ್ಡು. ಅದರಿಂದ ಪ್ರತಿ ಕೌಂಟರಿಗೆ ಗೋಡೆಯುದ್ದಕ್ಕೂ ಸೀರಿಯಲ್ ಕೇಬಲ್. ನಿಯಮದ ಪ್ರಕಾರ ಆರ್‌ಎಸ್-232 ಸುಮಾರು ಹದಿನೈದು ಮೀಟರಿಗೆ ಮುಗಿಯಬೇಕು. ಹಂಚಿನ ಮಾಡಿನ ಹಳೆಯ ಕಟ್ಟಡಗಳಲ್ಲಿ ಸರ್ವರಿನಿಂದ ಕ್ಯಾಶ್ ಕೌಂಟರಿಗೆ ಅದಕ್ಕಿಂತ ಹೆಚ್ಚು ದೂರ ಇರುತ್ತಿತ್ತು. 9600ರ ವೇಗದಲ್ಲಿ ಬಾರದಿದ್ದರೆ 4800ಕ್ಕೆ ಇಳಿಸಿ ಕೆಲಸ ನಡೆಸುತ್ತಿದ್ದರು.

ಕರಾವಳಿಯ ಹವೆ ಈ ಕೇಬಲುಗಳಿಗೆ ಶತ್ರು. ಮಳೆಗಾಲದ ನಾಲ್ಕು ತಿಂಗಳಲ್ಲಿ ಕಡ್ಡಿಗಳಿಗೆ ಹಸಿರು ಕಿಲುಬು ಹಿಡಿಯುತ್ತಿತ್ತು. ಅದಕ್ಕೆ ಶಾಲೆಯ ಮಕ್ಕಳ ರಬ್ಬರಿನಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸುವುದು ಮದ್ದು. ಅವಸರದವರು ಒತ್ತಿ ಬಗ್ಗಿಸಿದ ಕಡ್ಡಿಯನ್ನು ನೆಟ್ಟಗೆ ಮಾಡಲು ಖಾಲಿಯಾದ ಬಾಲ್‌ಪೆನ್ ರೀಫಿಲ್ಲಿನ ನಳಿಕೆ. ಸಿಡಿಲಿಗೆ ಮಾತ್ರ ಮದ್ದಿರಲಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ, ತುಲಾ ಮಾಸದ ಸಂಜೆ ಘಟ್ಟದ ಕಡೆಯಿಂದ ಮೋಡ ಏರಿತೆಂದರೆ ಪಂಪ್‌ವೆಲ್‌ನ ಕೋಣೆಯಲ್ಲಿ ಮರುದಿನದ ಕೆಲಸ ಎಷ್ಟೆಂದು ಅಂದಾಜು ಸಿಗುತ್ತಿತ್ತು. ಉದ್ದ ತಂತಿ ಎಳೆದಲ್ಲೆಲ್ಲ ಸಿಡಿಲಿನ ಒಂದು ಪಾಲು ತಂತಿಗೆ ಬರುತ್ತದೆ. ಸರ್ವರು ಬದುಕಿರುತ್ತಿತ್ತು, ಆದರೆ ಪೋರ್ಟಿನ ಹಿಂದೆ ಕೂತ 1488, 1489 ಎಂಬ ಎರಡು ಚಿಪ್ಪುಗಳು ಸತ್ತಿರುತ್ತಿದ್ದವು. ಒಂದು ಕಳಿಸುವುದಕ್ಕೆ, ಒಂದು ಪಡೆಯುವುದಕ್ಕೆ. ಅವು ಅಗ್ಗದ ಚಿಪ್ಪುಗಳು. ಅಣ್ಣ ಸತ್ತದ್ದನ್ನು ಬಿಸಿಮಾಡಿ ಕಿತ್ತು, ಅಲ್ಲಿ ಸಾಕೆಟ್ಟು ಬೆಸೆದು, ಹೊಸತನ್ನು ಒತ್ತಿ ಕೂರಿಸುತ್ತಿದ್ದರು. "ಇನ್ನು ಸಿಡಿಲು ಬಂದರೆ ನೀವೇ ಬದಲಿಸಬಹುದು ಮೇಷ್ಟ್ರೇ" ಎಂದು ಒಂದು ಚಿಪ್ಪನ್ನು ಹೆಚ್ಚಿಗೆ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಗಿರಾಕಿಯೇ ರಿಪೇರಿ ಮಾಡಿಕೊಳ್ಳಲಿ ಎಂದು ಬಯಸುವ ರಿಪೇರಿಯವರು ಇದ್ದ ಕಾಲ.

ಪ್ಯಾರಲೆಲ್ ಪೋರ್ಟಿನ ಕತೆ ಹೆಚ್ಚು ಬಾಯಿಬಿಟ್ಟು ಮಾತಾಡುವಂಥದ್ದು. ಅದರಲ್ಲಿ ಎರಡನೆಯ ತೂತಿನಿಂದ ಒಂಬತ್ತನೆಯದ್ದರವರೆಗೆ ಎಂಟು ತಂತಿಗಳಲ್ಲಿ ಒಂದು ಅಕ್ಷರದ ಎಂಟು ಬಿಟ್‌ಗಳು ಒಟ್ಟಿಗೆ ಹೋಗುತ್ತವೆ. ಒಂದನೆಯದ್ದು ಸ್ಟ್ರೋಬ್, ಅಂದರೆ ಅಕ್ಷರ ಸಿದ್ಧ, ತೆಗೆದುಕೋ ಎಂಬ ಸೂಚನೆ. ಹನ್ನೊಂದರಲ್ಲಿ ಪ್ರಿಂಟರು ತಡೆ ಎನ್ನುತ್ತದೆ, ಹನ್ನೆರಡರಲ್ಲಿ ಕಾಗದ ಮುಗಿಯಿತು ಎನ್ನುತ್ತದೆ. ಹದಿನೆಂಟರಿಂದ ಕೊನೆಯವರೆಗೆ ಗ್ರೌಂಡ್. ಪ್ರತಿ ತಂತಿಗೆ ಒಂದೇ ಉದ್ಯೋಗ. ಹಾಗಾಗಿ ಕಾಯಿಲೆ ಯಾವ ತಂತಿಯದ್ದು ಎಂದು ಕಾಯಿಲೆಯೇ ಹೇಳುತ್ತಿತ್ತು. ಕಾಗದ ತುಂಬಿಸಿದ್ದರೂ ಕಾಗದ ಇಲ್ಲ ಎಂದರೆ ಹನ್ನೆರಡನೆಯ ತಂತಿ ನೋಡು. ಒಮ್ಮೆ ಒಂದು ಸಹಕಾರಿ ಸಂಘದ ಪ್ರಿಂಟರಿನಿಂದ ಬಂದ ಹಾಳೆಯಲ್ಲಿ ಬ್ಯಾಂಕ್ ಎಂಬ ಇಂಗ್ಲಿಷ್ ಪದ ಸಿ-ಎ-ಓ-ಕೆ ಎಂದು ಅಚ್ಚಾಗಿತ್ತು. ಪದಗಳ ನಡುವೆ ಖಾಲಿ ಇರಬೇಕಾದಲ್ಲೆಲ್ಲ ಆಶ್ಚರ್ಯಚಿಹ್ನೆ. ಅವರು ವೈರಸ್ ಎಂದು ಹೆದರಿದ್ದರು. ಅಣ್ಣ ಹಾಳೆ ನೋಡಿ ಪ್ರಿಂಟರನ್ನು ಬಿಚ್ಚಲೂ ಇಲ್ಲ. "ಎರಡನೇ ಪಿನ್ನಿನ ಬೆಸುಗೆ ಬಿಟ್ಟಿದೆ" ಎಂದರು. ಇಂಗ್ಲಿಷ್ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಖ್ಯೆ ಉಂಟಲ್ಲ, ಎ ಅಂದರೆ 65, ಬಿ 66, ಕೆ 75, ಎನ್ 78, ಖಾಲಿ ಜಾಗ 32. ಎರಡನೆಯ ತಂತಿಯಲ್ಲಿ ಹೋಗುವುದು ಸಂಖ್ಯೆಯ ಕೊನೆಯ ಬಿಟ್. ಆ ತಂತಿ ಕಡಿದರೆ ಪ್ರಿಂಟರು ಆ ಬಿಟ್ಟನ್ನು ಯಾವಾಗಲೂ ಒಂದು ಎಂದೇ ಓದುತ್ತದೆ, ಸಮಸಂಖ್ಯೆಗಳೆಲ್ಲ ಬೆಸವಾಗುತ್ತವೆ. ಎ, ಕೆ ಹಾಗೇ ಉಳಿಯುತ್ತವೆ, ಬಿ ಸಿ ಆಗುತ್ತದೆ, ಎನ್ ಓ ಆಗುತ್ತದೆ. ಹುಡ್ ಬಿಚ್ಚಿದಾಗ ತಂತಿ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಒಂದು ಚುಕ್ಕೆ ಸೀಸ, ಕೆಲಸ ಮುಗಿಯಿತು. ಹಾಳೆಯ ಮೇಲಿನ ತಪ್ಪನ್ನು ಓದಿ ತಂತಿಗೆ ಹೋದ ಆ ಕ್ಷಣದ ಬೆರಗು ನನಗೆ ಆಮೇಲೆ ಕಂಪ್ಯೂಟರಿನ ಯಾವ ವೈಭವದಲ್ಲೂ ಸಿಕ್ಕಿಲ್ಲ.

ಕನ್ನಡ ಅಚ್ಚಾದದ್ದೂ ಇದೇ ಎಂಟು ತಂತಿಗಳಲ್ಲಿ. ಎಪ್ಸನ್ ಮಾದರಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಹೊಟ್ಟೆಯಲ್ಲಿ ಇದ್ದದ್ದು ರೋಮನ್ ಅಕ್ಷರ ಮಾತ್ರ. ಕನ್ನಡ ಬೇಕಾದರೆ ಅಕ್ಷರವನ್ನು ಚುಕ್ಕೆಗಳಾಗಿ ಒಡೆದು ಗ್ರಾಫಿಕ್ಸ್ ವಿಧಾನದಲ್ಲಿ ಕಳಿಸಬೇಕು. ಒಂದು ಸಲಕ್ಕೆ ಎಂಟು ತಂತಿಗಳಲ್ಲಿ ಎಂಟು ಚುಕ್ಕೆ, ಅಂದರೆ ಅಕ್ಷರದ ಒಂದು ನಿಲುವು ಪಟ್ಟಿ. ಪ್ರಿಂಟರಿನ ತಲೆಯ ಸೂಜಿಗಳು ಆ ಪಟ್ಟಿಯನ್ನು ಹೊಡೆದು ಒಂದು ಹೆಜ್ಜೆ ಸರಿಯುತ್ತವೆ, ಮತ್ತೆ ಇನ್ನೊಂದು ಪಟ್ಟಿ. ಕನ್ನಡದ ಸಾಲು ಎಂಟು ಚುಕ್ಕೆಯ ಎತ್ತರದಲ್ಲಿ ಹಿಡಿಸುವುದಿಲ್ಲ. ತಲೆಕಟ್ಟು ಮತ್ತು ಗುಡಿಸಿಗೆ ಒಮ್ಮೆ, ಅಕ್ಷರದ ಕೆಳಭಾಗಕ್ಕೆ ಒಮ್ಮೆ, ಒತ್ತಕ್ಷರಕ್ಕೆ ಮತ್ತೊಮ್ಮೆ ತಲೆ ಓಡಾಡಬೇಕು. ಇಂಗ್ಲಿಷ್ ಹಾಳೆ ಮುಗಿಯುವ ಹೊತ್ತಿಗೆ ಕನ್ನಡದ್ದು ಕಾಲು ಭಾಗ ದಾಟಿರುತ್ತಿರಲಿಲ್ಲ. ಆದರೆ ದೇವಸ್ಥಾನದ ಬ್ರಹ್ಮಕಲಶೋತ್ಸವದ ರಶೀದಿ ಪಟ್ಟಿಯೋ ಹಾಲಿನ ಸೊಸೈಟಿಯ ಸದಸ್ಯರ ಪಟ್ಟಿಯೋ ಕನ್ನಡದಲ್ಲಿ ಕರ್ರೆಂದು ಸದ್ದುಮಾಡುತ್ತಾ ಹೊರಬರುವಾಗ ಜನ ಪ್ರಿಂಟರಿನ ಸುತ್ತ ನಿಂತು ನೋಡುತ್ತಿದ್ದರು. ಆ ಗೌರವ ಆ ಪೋರ್ಟಿಗೂ ಸಲ್ಲಬೇಕು.

ಅದೇ ಪೋರ್ಟು ಕನ್ನಡಕ್ಕೆ ಬೀಗವೂ ಆಗಿತ್ತು. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ, ಆಕೃತಿಯಂಥ ತಂತ್ರಾಂಶಗಳನ್ನು ಕೊಂಡರೆ ಅದರೊಂದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಲಾಕ್ ಕೊಡುತ್ತಿದ್ದರು. ಒಂದು ಬದಿ ಕಡ್ಡಿ, ಇನ್ನೊಂದು ಬದಿ ತೂತು. ಅದನ್ನು ಪ್ಯಾರಲೆಲ್ ಪೋರ್ಟಿಗೆ ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಸಿಕ್ಕಿಸುವುದು. ಲಾಕ್ ಇಲ್ಲದಿದ್ದರೆ ಕನ್ನಡ ಇಲ್ಲ. ಕೆಲವೊಮ್ಮೆ ಪ್ರಿಂಟರು ಆಫ್ ಆಗಿದ್ದರೂ ಲಾಕ್ ಕಾಣುತ್ತಿಲ್ಲ ಎಂದು ತಂತ್ರಾಂಶ ನಿಲ್ಲುತ್ತಿತ್ತು. ಮಾಲೀಕರು ರಾತ್ರಿ ಅಂಗಡಿ ಮುಚ್ಚುವಾಗ ಲಾಕ್ ಕಳಚಿ ಶರ್ಟಿನ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು, ಕಂಪ್ಯೂಟರಿಗಿಂತ ಅದರ ಮೇಲೆಯೇ ಕಾಳಜಿ. ಇಲ್ಲೇ ಕಿನ್ನಿಕಂಬಳದ ಕೆ.ಪಿ. ರಾವ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನೇ ಮುಂದೆ ಸರ್ಕಾರ ಒಪ್ಪಿಕೊಂಡಿತು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹವೂ ಆಗ ಉಚಿತವಾಗಿತ್ತು. ಪೋರ್ಟಿಗೆ ಬೀಗ ಹಾಕದೆಯೂ ಕನ್ನಡ ಬರೆಯಬಹುದು ಎಂದು ತೋರಿಸಿದವರು ಇವರು.

ಎಂಜಿನಿಯರಿಂಗ್ ಓದಿದ ಆ ಕಾಲದ ಹುಡುಗ ಹುಡುಗಿಯರಿಗೆ 378 ಎಂಬ ಸಂಖ್ಯೆ ಹೇಳಿ ನೋಡಿ, ಕಣ್ಣು ಅರಳುತ್ತದೆ. ಅದು ಪ್ಯಾರಲೆಲ್ ಪೋರ್ಟಿನ ವಿಳಾಸ. ಟರ್ಬೊ ಸಿಯಲ್ಲಿ ಒಂದೇ ಸಾಲು ಬರೆದು ಆ ವಿಳಾಸಕ್ಕೆ ಒಂದು ಸಂಖ್ಯೆ ಕಳಿಸಿದರೆ ಎಂಟು ತಂತಿಗಳಲ್ಲಿ ಬೇಕಾದದ್ದಕ್ಕೆ ಐದು ವೋಲ್ಟ್ ಬರುತ್ತಿತ್ತು. ಎಂಟು ಎಲ್‌ಇಡಿ ಸಾಲಾಗಿ ಓಡಿಸುವುದು, ರಿಲೇ ಹಾಕಿ ಬಲ್ಬು ಹೊತ್ತಿಸುವುದು, ಸ್ಟೆಪ್ಪರ್ ಮೋಟರ್ ತಿರುಗಿಸುವುದು, ಎಲ್ಲ ಇದರಿಂದ. ಪ್ರಾಜೆಕ್ಟಿನ ಮಕ್ಕಳು ಕೇಬಲು ಕೇಳಿಕೊಂಡು ಪಂಪ್‌ವೆಲ್‌ಗೆ ಬರುತ್ತಿದ್ದರು. ಬರೆದದ್ದು ಬೆಳಕಾಗಿ ಹೊರಗೆ ಬರುವುದನ್ನು ಕಂಡವರಿಗೆ ಕಂಪ್ಯೂಟರಿನ ಬಗ್ಗೆ ಹೆದರಿಕೆ ಹೋಗುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಆ ವಿಳಾಸಕ್ಕೆ ನೇರ ಹೋಗುವ ದಾರಿ ಮುಚ್ಚಿತು, ನಡುವೆ ಒಬ್ಬ ಡ್ರೈವರಿನ ಅಪ್ಪಣೆ ಬೇಕಾಯಿತು. ಸುರಕ್ಷತೆಗೆ ಅದು ಸರಿಯೇ ಇರಬಹುದು. ಕಲಿಯುವವರಿಗೆ ಒಂದು ಬಾಗಿಲು ಕಡಿಮೆಯಾಯಿತು ಎಂಬುದೂ ಅಷ್ಟೇ ಸರಿ.

ಅಂತ್ಯ ಬೇಗ ಬಂತು. 1996ರಲ್ಲಿ ಯುಎಸ್‌ಬಿ ನಿಯಮ ಹೊರಬಿತ್ತು, 1998ರ ಐಮ್ಯಾಕ್ ಹಳೆಯ ಪೋರ್ಟುಗಳನ್ನು ಪೂರ್ತಿ ಕೈಬಿಟ್ಟಿತು. ಮರುವರ್ಷ, ಅಷ್ಟು ಕಾಲದ ಗೊಂದಲಕ್ಕೆ ಪರಿಹಾರವಾಗಿ, ಪಿಸಿಯ ಪೋರ್ಟುಗಳಿಗೆ ಬಣ್ಣ ನಿಗದಿಯಾಯಿತು: ಪ್ಯಾರಲೆಲ್ಲಿಗೆ ಕಡುಗೆಂಪು, ಸೀರಿಯಲ್ಲಿಗೆ ಹಸಿರುನೀಲಿ, ಮಾನಿಟರಿಗೆ ನೀಲಿ, ಮೌಸಿಗೆ ಹಸಿರು, ಕೀಲಿಮಣೆಗೆ ನೇರಳೆ. ಅಣ್ಣನ ಉಗುರು ಬಣ್ಣದ ಚುಕ್ಕೆಗಳಿಗೆ ಕಂಪನಿಗಳ ಮುದ್ರೆ ಬಿದ್ದಂತಾಯಿತು, ಆದರೆ ಆ ಪೋರ್ಟುಗಳೇ ಹೊರಟು ನಿಂತಿದ್ದವು. ಬ್ಯಾಂಕುಗಳಲ್ಲಿ ಟರ್ಮಿನಲ್ ಹೋಗಿ ನೆಟ್‌ವರ್ಕ್ ಬಂತು, ಸರ್ವರು ಶಾಖೆಯಿಂದಲೇ ದೂರ ಹೋಯಿತು. ಆಮೇಲೆ ಐದರಲ್ಲಿ ಮೂರು ಬ್ಯಾಂಕುಗಳೇ ಹೋದವು. 2019ರ ಏಪ್ರಿಲ್ 1ಕ್ಕೆ ವಿಜಯಾ, ಮರುವರ್ಷದ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಅದಕ್ಕೆ ಎರಡು ತಿಂಗಳು ಮೊದಲು, 2020ರ ಜನವರಿ 31ರಂದು, ವರ್ಷಗಟ್ಟಲೆ ಕಾಯಿಸಿದ ಪಂಪ್‌ವೆಲ್ ಮೇಲ್ಸೇತುವೆ ತೆರೆದಿತ್ತು. ಅದರ ಕೆಲಸ ನಡೆದ ಕಾಲದಲ್ಲಿ ಪಂಪ್‌ವೆಲ್ ವೃತ್ತದಲ್ಲಿ ನಿಂತಿದ್ದ ಕಲಶದ ಪ್ರತಿಮೆ ಹೋಯಿತು. ರಿಪೇರಿಯ ಕೋಣೆಯೂ ಮುಚ್ಚಿತು, ಧೂಳಿಗೋ ವ್ಯಾಪಾರ ಇಲ್ಲದ್ದಕ್ಕೋ ಎಂದು ಒಂದೇ ಕಾರಣ ಹೇಳಲಾಗದು. ಗೋಡೆಯ ಕೇಬಲುಗಳು ಗುಜರಿಗೆ ಹೋದವು. ಗುಜರಿಯವರಿಗೆ ಬೇಕಾದದ್ದು ತಾಮ್ರ, ಅವರು ಮೊದಲು ಮಾಡಿದ ಕೆಲಸ ಎರಡೂ ತುದಿಯ ಕನೆಕ್ಟರುಗಳನ್ನು ಕತ್ತರಿಸಿದ್ದು. ನೇರವೋ ಅಡ್ಡವೋ ಎಂಬ ಪ್ರಶ್ನೆ ಕಿಲೋ ಲೆಕ್ಕದಲ್ಲಿ ಕರಗಿತು.

ಸೀರಿಯಲ್ ಪೋರ್ಟು ಪೂರ್ತಿ ಸತ್ತಿಲ್ಲ. ಲಾರಿ ತೂಗುವ ವೇ ಬ್ರಿಜ್‌ಗಳಲ್ಲಿ ತೂಕದ ಅಂಕಿ ಇಂದಿಗೂ ಒಂಬತ್ತು ಕಡ್ಡಿಯ ಸೀರಿಯಲ್ಲಿನಲ್ಲೇ ಕಂಪ್ಯೂಟರಿಗೆ ಬರುವುದುಂಟು. ರಕ್ತ ಪರೀಕ್ಷೆಯ ಎಷ್ಟೋ ಯಂತ್ರಗಳ ಬೆನ್ನಲ್ಲಿ, ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆಗಳಲ್ಲಿ ಅದೇ ಪೋರ್ಟು. ಆದರೆ ಎದುರಿನ ಲ್ಯಾಪ್‌ಟಾಪಿನಲ್ಲಿ ಅದಿಲ್ಲವಾದ್ದರಿಂದ ನಡುವೆ ಯುಎಸ್‌ಬಿಯಿಂದ ಸೀರಿಯಲ್ಲಿಗೆ ಬದಲಿಸುವ ಒಂದು ತುಂಡು ಬೇಕು. ಅದರೊಳಗಿನ ಚಿಪ್ಪು ಅಸಲಿಯೋ ನಕಲಿಯೋ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. 2014ರಲ್ಲಿ ಅಂಥ ಒಂದು ಚಿಪ್ಪಿನ ಕಂಪನಿಯ ಹೊಸ ಡ್ರೈವರು ನಕಲಿ ಚಿಪ್ಪುಗಳನ್ನು ನಿಷ್ಕ್ರಿಯ ಮಾಡಿದ್ದರಿಂದ ಏನೂ ತಿಳಿಯದೆ ಕೊಂಡವರ ಯಂತ್ರಗಳು ಲೋಕದ ನಾನಾ ಕಡೆ ನಿಂತವು. ಮೀಟರ್ ಹಿಡಿದು ಕಂಡುಹಿಡಿಯುವ ಕಾಯಿಲೆ ಅಲ್ಲ ಅದು.

ಈಗ ಎಲ್ಲಕ್ಕೂ ಟೈಪ್-ಸಿ ಬಂದಿದೆ. ಉಲ್ಟಾ ಹಾಕಿದರೂ ಹೊಂದುತ್ತದೆ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಗೊಂದಲ ತೀರಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೋಡಲು ಒಂದೇ ಆದ ಎರಡು ಟೈಪ್-ಸಿ ಕೇಬಲುಗಳಲ್ಲಿ ಒಂದು ಚಾರ್ಜಿಗೆ ಮತ್ತು ನಿಧಾನದ ಫೈಲಿಗೆ ಮಾತ್ರ, ಇನ್ನೊಂದು ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸಿ ಮಾನಿಟರನ್ನೂ ನಡೆಸುತ್ತದೆ. ಕಡ್ಡಿ ಎಣಿಸಿ ತಿಳಿಯುವಂತಿಲ್ಲ, ಹುಡ್ ಬಿಚ್ಚುವಂತಿಲ್ಲ, ಹಲವುಗಳ ತುದಿಯಲ್ಲೇ ಒಂದು ಚಿಪ್ಪು ಕೂತು ನಾನು ಇಂಥವನು ಎಂದು ಯಂತ್ರಕ್ಕೆ ಹೇಳುತ್ತದೆ, ನಮಗಲ್ಲ. ಹಿಂದಿನ ಗೊಂದಲ ಕಣ್ಣೆದುರು ಇತ್ತು, ಬೆರಳಿಗೆ ಸಿಗುತ್ತಿತ್ತು. ಅದನ್ನು ಬಿಡಿಸುತ್ತಾ ಹತ್ತನೇ ಕ್ಲಾಸಿನ ಹುಡುಗ ವಿದ್ಯುತ್ತು, ಬೈನರಿ, ಬೆಸುಗೆ ಮೂರನ್ನೂ ಕಲಿಯುತ್ತಿದ್ದ. ಈಗಿನದ್ದು ಒಳಗೆ ಹೋಗಿ ಕೂತಿದೆ. ಕೆಟ್ಟರೆ ಬಿಸಾಡಿ ಹೊಸತು ತರುವುದೊಂದೇ ನಮ್ಮ ಪಾಲಿನ ಕೆಲಸ.

ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಶಾಲೆಯ ಮಕ್ಕಳು ಬಸ್ಸು ಬಸ್ಸಾಗಿ ಬರುತ್ತಾರೆ. 1946ರಿಂದ ತಂತ್ರಜ್ಞರನ್ನು ತಯಾರು ಮಾಡುತ್ತಿರುವ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ ಕೂಡ ನಮ್ಮಲ್ಲೇ ಉಂಟು. ಈ ವಿದ್ಯೆಯನ್ನು ಉಳಿಸಲು ಎರಡರಲ್ಲಿ ಎಲ್ಲಾದರೂ ಒಂದು ಮೇಜು ಸಾಕು. ಗಾಜಿನ ಪೆಟ್ಟಿಗೆ ಬೇಡ, ಮಕ್ಕಳು ಮುಟ್ಟಬೇಕು. ಒಂದು ಹಳೆಯ ಪಿಸಿ, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಹುಡ್ ಇಲ್ಲದೆ ತಂತಿ ಕಾಣುವ ನಾಲ್ಕು ಕೇಬಲುಗಳು. ಅದರಲ್ಲಿ ಒಂದಕ್ಕೆ ಎರಡನೆಯ ತಂತಿ ಕಡಿದಿರಲಿ. ಮಗು ಬ್ಯಾಂಕ್ ಎಂದು ಒತ್ತಿ, ಹಾಳೆಯಲ್ಲಿ ಬಂದದ್ದನ್ನು ನೋಡಿ, ಕಾಗದದ ಮೇಲೆ ಲೆಕ್ಕ ಹಾಕಿ, ಯಾವ ತಂತಿ ಎಂದು ತಾನೇ ಹೇಳಲಿ. ಪಕ್ಕದಲ್ಲಿ ಒಂದು ಮೀಟರು, ಎರಡಕ್ಕೂ ಮೂರಕ್ಕೂ ನಡುವೆ ಸಿಕ್ಕಿಸಲು ಒಂದು ತುಂಡು ತಂತಿ. ರಿಬ್ಬನ್ನು, ಬದಿಯಲ್ಲಿ ತೂತಿರುವ ಮಡಿಕೆ ಕಾಗದ ಅಂಗಡಿಗಳಲ್ಲಿ ಇನ್ನೂ ಸಿಗುತ್ತವೆ. ಕೆಲಸ ಮಾಡುವ ಎರಡು ಪ್ರಿಂಟರುಗಳೂ ಕೆಂಪು ಚುಕ್ಕೆಯ ಕೇಬಲುಗಳೂ ನನ್ನ ಮನೆಯಲ್ಲಿ ಉಂಟು. ಮೇಜು ಹಾಕುವವರು ಹೇಳಿ ಕಳಿಸಿದರೆ ತಂದು ಜೋಡಿಸಿ ಕೊಡುತ್ತೇನೆ, ಮಕ್ಕಳಿಗೆ ತೋರಿಸಿಯೂ ಕೊಡುತ್ತೇನೆ.